ಮೊದಲು ಗಡಿಯಾರ ನೋಡಿ: ಮಹಾರಾಷ್ಟ್ರದ ಗೃಹ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡತಿ. ಹದಿನಾಲ್ಕು ವರ್ಷದಿಂದ ಡಿಜಿಟಲ್ ಫೊರೆನ್ಸಿಕ್ ಕೆಲಸ ಮಾಡುತ್ತಿದ್ದೇನೆ. ಕಂಪನಿಗಳಲ್ಲಿ ಮೋಸ ನಡೆದಾಗ ಕಂಪ್ಯೂಟರ್, ಫೋನ್, ಹಾರ್ಡ್‌ಡಿಸ್ಕ್‌ಗಳ ಒಳಗೆ ಏನಾಗಿದೆ ಎಂದು ಹುಡುಕಿ ತೆಗೆದು, ಕೋರ್ಟಿನಲ್ಲಿ ನಿಲ್ಲುವ ಹಾಗೆ ವರದಿ ಬರೆಯುವುದು ನನ್ನ ಕೆಲಸ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರೂ ಓದುವ ಹಾಗೆ ಬರೆಯಲು ಕಾರಣ ಇದೆ. ಮುಂಬೈಯ ಗಲ್ಲಿಗಲ್ಲಿಯಲ್ಲಿ ನಮ್ಮವರ ಹೋಟೆಲುಗಳಿವೆ. ಪ್ರತಿ ಹೋಟೆಲಿನ ಗಲ್ಲಾದ ಮೇಲೆ ಕ್ಯಾಮೆರಾ ಇದೆ, ಮೂಲೆಯಲ್ಲಿ ಆ ಕ್ಯಾಮೆರಾದ ಚಿತ್ರ ತುಂಬಿಟ್ಟುಕೊಳ್ಳುವ ಒಂದು ಡಿವಿಆರ್ ಪೆಟ್ಟಿಗೆ ಇದೆ. ಎದುರು ರಸ್ತೆಯಲ್ಲಿ ಏನೇ ನಡೆದರೂ ಪೊಲೀಸರು ಮೊದಲು ಕೇಳುವುದು ಆ ಪೆಟ್ಟಿಗೆಯನ್ನೇ. ಹಾಗಾಗಿ ನಾನು ನಿಮಗೆ ಹೇಳಬೇಕಾದದ್ದನ್ನು ಅವರೂ ಕೇಳಿಸಿಕೊಳ್ಳಲಿ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಸಾಕ್ಷ್ಯ ಮತ್ತು ಜಪ್ತಿಯ ಬಗ್ಗೆ 2024ರ ಹೊಸ ಕಾನೂನು ಜಾರಿಗೆ ಬಂದ ಮೇಲಿನ ಮಾತು ಇದು.

ನನ್ನ ಸೋದರಮಾವನದು ಪೂರ್ವ ಉಪನಗರದಲ್ಲಿ ಒಂದು ಚಿಕ್ಕ ಹೋಟೆಲ್. ಕೆಳಗೆ ಎಂಟು ಟೇಬಲ್, ಮೇಲೆ ಒಂದು ಅಟ್ಟ. ಆ ಅಟ್ಟವೇ ಮಾವನ ಆಫೀಸು, ಹುಡುಗರು ಬಟ್ಟೆ ಬದಲಿಸುವುದೂ ಅಲ್ಲೇ. ಒಂದು ದಿನ ಮಧ್ಯಾಹ್ನ ಮೂರೂವರೆಗೆ ಮಾವ 1,80,000 ರೂಪಾಯಿಯನ್ನು ಅಟ್ಟದ ಕಪಾಟಿನಲ್ಲಿಟ್ಟು ಹೊರಗೆ ಹೋದರು. ಕಿರಾಣಿಯವರಿಗೆ, ಗ್ಯಾಸಿನವರಿಗೆ ಕೊಡಬೇಕಾಗಿದ್ದ ದುಡ್ಡು. ಐದು ಗಂಟೆಗೆ ಬಂದು ನೋಡಿದರೆ ಇಲ್ಲ.

ಪೊಲೀಸರು ಬಂದರು. ಡಿವಿಆರ್ ಹಾಕಿ ನೋಡಿದರು. ಬೈಂದೂರು ಕಡೆಯ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಹೋಗುವುದು ಕಾಣಿಸಿತು. ಪರದೆಯ ಮೂಲೆಯಲ್ಲಿ ಗಂಟೆ 4:02 ಎಂದಿತ್ತು. ಹತ್ತೊಂಬತ್ತು ವರ್ಷದ ಮಾಣಿ ಅವನು. 'ನಾನು ಹೋದದ್ದು ಮೂರೂಕಾಲಿಗೆ, ಅಂಗಿ ಬದಲಿಸಲಿಕ್ಕೆ. ಆಗ ಧಣಿಗಳು ಇನ್ನೂ ಕೆಳಗೇ ಇದ್ದರು' ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮಾವನೂ ನಂಬಲಿಲ್ಲ. ಪರದೆಯ ಮೇಲೆ ಗಂಟೆ ಕಾಣುತ್ತಿತ್ತಲ್ಲ!

ಬಂದವರಲ್ಲಿ ಒಬ್ಬರು ತಮ್ಮ ಮೊಬೈಲಿನಲ್ಲಿ ಆ ಪರದೆಯನ್ನೇ ನಲವತ್ತು ಸೆಕೆಂಡು ಶೂಟ್ ಮಾಡಿಕೊಂಡರು. ಅದೇ ಸಾಕ್ಷ್ಯ. 'ಡಿವಿಆರ್ ಇಲ್ಲೇ ಇರಲಿ, ಆಮೇಲೆ ಬಂದು ತಗೊಂಡು ಹೋಗ್ತೇವೆ, ಯಾರೂ ಮುಟ್ಟಬೇಡಿ' ಎಂದರು. ಹುಡುಗನ ಫೋನನ್ನು ಒಂದು ಕಾಗದದ ಲಕೋಟೆಗೆ ಹಾಕಿದರು. ಹುಡುಗ ಎರಡು ರಾತ್ರಿ ಠಾಣೆಯಲ್ಲಿ ಕಳೆದ. ಅವನ ಹತ್ತಿರ ದುಡ್ಡು ಸಿಗಲಿಲ್ಲ, ಬಿಟ್ಟರು. ಬಿಟ್ಟರೂ ಕಳ್ಳ ಅನ್ನುವ ಹೆಸರು ಬಿಡಲಿಲ್ಲ. ಊರಿಗೆ ಹೋದವನು ತಿರುಗಿ ಬರಲಿಲ್ಲ.

ಮಾವ ನನಗೆ ಫೋನ್ ಮಾಡಿದ್ದು ಹದಿನೇಳು ದಿನ ಆದ ಮೇಲೆ, ಅದೂ ಬೇರೆ ಯಾವುದೋ ಮಾತಿನ ನಡುವೆ. ಮರುದಿನ ಭಾನುವಾರ, ಹೋದೆ. ಡಿವಿಆರ್ ಪರದೆಯ ಮುಂದೆ ಕೂತು ಮೊದಲು ಮಾಡಿದ್ದು ಒಂದೇ ಕೆಲಸ. ನನ್ನ ಫೋನು ತೆಗೆದು ಪರದೆಯ ಪಕ್ಕ ಹಿಡಿದೆ. ಫೋನಿನಲ್ಲಿ 11:05. ಪರದೆಯಲ್ಲಿ 11:52. ನಲವತ್ತೇಳು ನಿಮಿಷ ಮುಂದೆ! ನನಗೆ ಒಂದು ಗಳಿಗೆ ಕೈಕಾಲೇ ಆಡಲಿಲ್ಲ.

ಇವತ್ತು ಗಡಿಯಾರ ತಪ್ಪಿದೆ ಎಂದಮಾತ್ರಕ್ಕೆ ಆ ದಿನವೂ ಅಷ್ಟೇ ತಪ್ಪಿತ್ತು ಎನ್ನಲಾಗುವುದಿಲ್ಲ. ಅದಕ್ಕೆ ಬೇರೆ ಆಧಾರ ಬೇಕು. ಪೊಲೀಸರು ಶೂಟ್ ಮಾಡಿದ ತುಣುಕನ್ನು ಮಾವನಿಗೂ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದರಲ್ಲಿ ಪರದೆ ನಾಲ್ಕು ಭಾಗವಾಗಿತ್ತು. ಒಂದರಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ಗಲ್ಲಾ. ಹುಡುಗ ಮೆಟ್ಟಿಲು ಹತ್ತುವ ಹೊತ್ತಿಗೇ ಗಲ್ಲಾದಲ್ಲಿ ಒಬ್ಬ ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕೊಡುತ್ತಿದ್ದರು. ಮಾವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆ. 4:02ಕ್ಕೆ ಯಾವ ದುಡ್ಡೂ ಬಂದಿರಲಿಲ್ಲ. 130 ರೂಪಾಯಿ ಬಂದದ್ದು 3:15ಕ್ಕೆ. ಅದರ ಹಿಂದೆ ಮುಂದೆ ಹತ್ತು ನಿಮಿಷ ಬೇರೆ ಜಮೆಯೇ ಇಲ್ಲ. ಬ್ಯಾಂಕಿನ ಗಂಟೆ ನಮ್ಮ ಡಿವಿಆರ್‌ನ ಹಾಗೆ ಕರೆಂಟು ಹೋದಾಗ ದಾರಿ ತಪ್ಪುವುದಿಲ್ಲ. ಹುಡುಗ ಹೇಳಿದ್ದು ನಿಜ. ಅವನು ಅಟ್ಟಕ್ಕೆ ಹೋದಾಗ ಕಪಾಟಿನಲ್ಲಿ ದುಡ್ಡೇ ಇರಲಿಲ್ಲ.

ಹಾಗಾದರೆ ತೆಗೆದವರು ಯಾರು? ಅದು ಡಿವಿಆರ್‌ನಲ್ಲಿ ಇದ್ದಿರಬೇಕು. ಆದರೆ ಆ ಡಿಸ್ಕಿನಲ್ಲಿ ಉಳಿಯುವುದು ಹದಿನೈದು ದಿನದ ಚಿತ್ರ ಮಾತ್ರ. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. 'ಮುಟ್ಟಬೇಡಿ' ಎಂದದ್ದರಿಂದ ಯಾರೂ ಆಫ್ ಕೂಡ ಮಾಡಿರಲಿಲ್ಲ. ನಾನು ಹೋದಾಗ ಕಳ್ಳತನದ ದಿನದ ಮೇಲೆ ಮೊನ್ನೆಮೊನ್ನೆಯ ಇಡ್ಲಿ ವಡೆ ವ್ಯಾಪಾರದ ಚಿತ್ರ ಬಂದು ಕೂತಿತ್ತು. ಹಾಗೆ ಮೇಲೆ ಬರೆದು ಹೋದದ್ದನ್ನು ಜಗತ್ತಿನ ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು.

ಫೋನಿನ ಕಥೆ ಇನ್ನೂ ಬೇಸರದ್ದು. ಹುಡುಗನನ್ನು ಕರೆದುಕೊಂಡು ಹೋದ ರಾತ್ರಿ, ಏನೂ ಗೊತ್ತಿಲ್ಲದ ಅವನ ಅಮ್ಮ ಊರಿಂದ ಮೆಸೇಜ್ ಹಾಕಿದ್ದರು, 'ಊಟ ಆಯ್ತಾ ಮಗಾ' ಎಂದು. ಸ್ವಲ್ಪ ಹೊತ್ತಿಗೆ ಅದರ ಮುಂದೆ ಎರಡು ನೀಲಿ ಗೀಟು ಬಂತು. ಮಗ ಓದಿದ್ದಾನೆ, ಉತ್ತರ ಯಾಕೆ ಬರಲಿಲ್ಲ ಎಂದು ಆ ತಾಯಿ ಬೆಳಗಿನವರೆಗೆ ಕಾದರು. ಮಗನ ಕೈಯಲ್ಲಿ ಫೋನೇ ಇರಲಿಲ್ಲ. ಲಕೋಟೆಯೊಳಗೆ ಮೊಹರಾಗಿ ಇರಬೇಕಾದ ಫೋನನ್ನು ಯಾರೋ ತೆರೆದು ನೋಡಿದ್ದರು. ಆ ಸ್ಕ್ರೀನ್‌ಶಾಟನ್ನು ಅವರು ಆಮೇಲೆ ನನಗೆ ತೋರಿಸಿದರು. ಫೋನು ವಾಪಸ್ ಸಿಗಲು ಏಳು ತಿಂಗಳು ಬೇಕಾಯಿತು.

ಠಾಣೆಯ ಅಧಿಕಾರಿಯನ್ನು ಹೋಗಿ ಕಂಡೆ. ಒಳ್ಳೆಯವರು. ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡರು. ಗಂಟೆಯ ಲೆಕ್ಕವನ್ನು ಎರಡು ಸಲ ಕೂಡಿಸಿ ಕಳೆದು ನೋಡಿ ಒಪ್ಪಿಕೊಂಡರು. ಆಮೇಲೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಹಾಗೇ ಉಳಿದಿದೆ: 'ಮ್ಯಾಡಮ್, ಕಾಪಿ ಮಾಡಲಿಕ್ಕೆ ಪೆನ್‌ಡ್ರೈವ್ ಕೂಡ ನಾವು ನಮ್ಮ ಜೇಬಿನ ದುಡ್ಡಲ್ಲಿ ತರ್ತೇವೆ.'

ಮಾನ್ಯರೇ, ನಾನು ಈ ಪತ್ರ ಬರೆಯುತ್ತಿರುವುದು ಆ ಅಧಿಕಾರಿಯ ಮೇಲೆ ದೂರು ಹೇಳಲು ಅಲ್ಲ. ಲ್ಯಾಬುಗಳಿಗೆ ದುಬಾರಿ ಉಪಕರಣ ಬರುತ್ತಿವೆ, ಬರಲಿ. ಆದರೆ ಸಾಕ್ಷ್ಯ ಉಳಿಯುವುದೋ ಕೆಡುವುದೋ ತೀರ್ಮಾನವಾಗುವುದು ಲ್ಯಾಬಿನಲ್ಲಿ ಅಲ್ಲ. ಹೋಟೆಲಿನ ಅಟ್ಟದಲ್ಲಿ, ಮನೆಯ ಹಾಲಿನಲ್ಲಿ, ಜಪ್ತಿಯ ಮೊದಲ ಒಂದು ಗಂಟೆಯಲ್ಲಿ. ಆ ಗಂಟೆಗೆ ಬೇಕಾದ ಸಾಮಾನು ಮತ್ತು ಅಭ್ಯಾಸವನ್ನು ಪ್ರತಿ ಠಾಣೆಗೂ ಕೊಡಿ. ನನ್ನ ಬೇಡಿಕೆ ಇಷ್ಟೇ.

ಬೇಕಾದದ್ದು ಏನು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದುವ ಎಲ್ಲರಿಗೂ ಈ ಕೆಲಸ ಗೊತ್ತಿರುವುದಿಲ್ಲ.

ಮೊದಲನೆಯದು ರೈಟ್ ಬ್ಲಾಕರ್. ಅಂಗೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆ. ಒಂದು ಕಡೆ ಜಪ್ತಿಯಾದ ಹಾರ್ಡ್‌ಡಿಸ್ಕ್, ಇನ್ನೊಂದು ಕಡೆ ನಮ್ಮ ಕಂಪ್ಯೂಟರ್. ಓದುವ ಆಜ್ಞೆ ಮಾತ್ರ ದಾಟುತ್ತದೆ, ಬರೆಯುವ ಆಜ್ಞೆ ಅಲ್ಲೇ ನಿಲ್ಲುತ್ತದೆ. ಇದು ಯಾಕೆ ಬೇಕು? ಡಿಸ್ಕನ್ನು ನೇರವಾಗಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ, ನೀವು ಏನೂ ಮುಟ್ಟದಿದ್ದರೂ ವಿಂಡೋಸ್ ತನ್ನಷ್ಟಕ್ಕೆ ಅದರ ಮೇಲೆ ಏನೇನೋ ಬರೆಯುತ್ತದೆ. ಕೊಲೆಯಾದ ಕೋಣೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ.

ಇದನ್ನು ನಮ್ಮ ಸಂಘದ ಹಾಲ್‌ನಲ್ಲಿ ಒಂದು ಸಂಜೆ ಹೋಟೆಲಿನವರಿಗೆ ಮಾಡಿ ತೋರಿಸಿದೆ. ಒಂದು ಪೆನ್‌ಡ್ರೈವ್ ತೆಗೆದುಕೊಂಡು, ರೈಟ್ ಬ್ಲಾಕರ್ ಮೂಲಕ ಓದಿಸಿ, ಅದರ ಹ್ಯಾಷ್ ತೆಗೆದೆ. ಹ್ಯಾಷ್ ಅಂದರೆ ಒಳಗಿರುವ ಅಷ್ಟೂ ಮಾಹಿತಿಯನ್ನು ಲೆಕ್ಕ ಹಾಕಿ ಬರುವ ಒಂದು ಗುರುತು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ತೆಗೆದರೆ 64 ಅಕ್ಷರ ಮತ್ತು ಅಂಕಿಗಳ ಸಾಲು. ಅದನ್ನು ಬೋರ್ಡಿನ ಮೇಲೆ ಬರೆಸಿದೆ. ಮತ್ತೊಮ್ಮೆ ಬ್ಲಾಕರ್ ಮೂಲಕವೇ ತೆಗೆದೆ, ಅದೇ ಸಾಲು ಬಂತು. ಆಮೇಲೆ ಬ್ಲಾಕರ್ ಬಿಟ್ಟು ನೇರ ಲ್ಯಾಪ್‌ಟಾಪಿಗೆ ಹಾಕಿದೆ, ಒಂದು ಫೈಲಿನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದೆ, ತೆಗೆದೆ. ಮೂರನೇ ಸಲ ಬಂದ ಸಾಲಿಗೂ ಬೋರ್ಡಿನ ಸಾಲಿಗೂ ಸಂಬಂಧವೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. 'ಹಾಗಾದರೆ ಇದನ್ನು ಪಂಚನಾಮೆಯಲ್ಲೇ ಬರೆದರೆ ಮುಗೀತಲ್ವಾ?' ಎಂದರು.

ಹೌದು, ಅಷ್ಟೇ. ಜಪ್ತಿಯ ದಿನವೇ, ಪಂಚರ ಎದುರೇ, ಪಂಚನಾಮೆಯಲ್ಲಿ ಆ ಸಾಲನ್ನು ಬರೆದು ಒಂದು ಪ್ರತಿಯನ್ನು ಡಿಸ್ಕಿನ ಮಾಲೀಕರಿಗೆ ಕೊಟ್ಟುಬಿಟ್ಟರೆ, ಆಮೇಲೆ ಯಾರು ಏನು ತುರುಕಿದರೂ ಸಿಕ್ಕಿಬೀಳುತ್ತಾರೆ. ಪೊಲೀಸರ ಮೇಲೆ ಯಾರಾದರೂ ಸುಳ್ಳು ಆರೋಪ ಮಾಡಿದರೂ ಅದೇ ಸಾಲು ಅವರನ್ನು ಕಾಪಾಡುತ್ತದೆ. ಇದು ಇಬ್ಬರಿಗೂ ರಕ್ಷೆ.

ಪುಣೆಯಲ್ಲಿ ದಾಖಲಾದ ಭೀಮಾ ಕೋರೆಗಾಂವ್ ಪ್ರಕರಣ ನಿಮಗೆ ಗೊತ್ತಿರುವುದೇ. ಆರೋಪಿಯೊಬ್ಬರ ಲ್ಯಾಪ್‌ಟಾಪಿನಲ್ಲಿದ್ದ ಕಡತಗಳನ್ನು ಹೊರಗಿನವರು ಮಾಲ್‌ವೇರ್ (ಗೊತ್ತಾಗದ ಹಾಗೆ ಒಳಗೆ ನುಗ್ಗುವ ಕಳ್ಳ ಸಾಫ್ಟ್‌ವೇರ್) ಮೂಲಕ ಸೇರಿಸಿದ್ದರು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಯಾರು ಸರಿ ಎಂದು ಹೇಳಬೇಕಾದದ್ದು ಕೋರ್ಟ್, ನಾನಲ್ಲ. ಆದರೆ ಇಂಥ ಜಗಳ ಎಲ್ಲಿಂದ ಶುರುವಾಗಲಿ, ಜಪ್ತಿಯ ದಿನ ಡಿಸ್ಕಿನಲ್ಲಿ ಇದ್ದದ್ದು ಇದೇ ಎಂಬುದಾದರೂ ಜಗಳದಿಂದ ಹೊರಗೆ ಇರಬೇಕು. ಅದಕ್ಕೆ ಹ್ಯಾಷ್ ಬೇಕು.

ಕಾನೂನು ಈಗ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಜೊತೆ, ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಲಗತ್ತಿಸಬೇಕಾದ ಒಂದು ಪ್ರಮಾಣಪತ್ರದ ನಮೂನೆ ಇದೆ. ಮೊದಲ ಭಾಗವನ್ನು ದಾಖಲೆ ಕೊಡುವವರು ತುಂಬಬೇಕು, ಎರಡನೆಯದನ್ನು ಪರಿಣತರು. ಎರಡರಲ್ಲೂ ಹ್ಯಾಷ್ ಬರೆಯಲು ಜಾಗ ಇದೆ. ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಯಾವುದರಿಂದ ತೆಗೆದದ್ದು ಎಂದು ಗುರುತು ಹಾಕಬೇಕು. ನನ್ನ ವಿನಂತಿ, ಎಸ್‌ಎಚ್‌ಎ-256 ಅನ್ನೇ ಕಡ್ಡಾಯ ಮಾಡಿ. ಎಂಡಿ5ರಲ್ಲಿ ಬೇರೆ ಬೇರೆ ಎರಡು ಫೈಲುಗಳಿಗೆ ಒಂದೇ ಹ್ಯಾಷ್ ಬರುವ ಹಾಗೆ ಮಾಡಬಹುದು ಎಂದು 2004ರಲ್ಲೇ ತೋರಿಸಿದ್ದಾರೆ. ಎಸ್‌ಎಚ್‌ಎ-1ರಲ್ಲಿ 2017ರಲ್ಲಿ ತೋರಿಸಿದರು. ಸುಮ್ನೆ ವಕೀಲರಿಗೆ ಒಂದು ಸಂದು ಯಾಕೆ ಬಿಡಬೇಕು?

ಹಾಗೇ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ ಮತ್ತು ಜಪ್ತಿಯನ್ನು ಆಡಿಯೋ ವಿಡಿಯೋ ಮಾಡಲೇಬೇಕು ಎನ್ನುತ್ತದೆ. ಆ ವಿಡಿಯೋದಲ್ಲೇ ಡಿವಿಆರ್ ಪರದೆಯ ಪಕ್ಕ ಒಂದು ಸರಿಯಾದ ಗಡಿಯಾರ ಹಿಡಿದರೆ ಐದು ಸೆಕೆಂಡಿನ ಕೆಲಸ. ನಮ್ಮ ಹುಡುಗನ ಎರಡು ರಾತ್ರಿ ಉಳಿಯುತ್ತಿತ್ತು.

ಗಂಟೆಯ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಬಗ್ಗೆ ಇಡೀ ದೇಶ ಇವತ್ತು ಉದಾಹರಿಸುವ ತೀರ್ಪು ನಿಮ್ಮ ಜಾಲನಾದಿಂದ ಹೋದದ್ದು, ಅದೂ ಗಂಟೆಯ ಜಗಳವೇ. 2014ರ ವಿಧಾನಸಭೆ ಚುನಾವಣೆಯಲ್ಲಿ ನಾಮಪತ್ರ ಕೊಟ್ಟದ್ದು ಮಧ್ಯಾಹ್ನ ಮೂರು ಗಂಟೆಯ ಒಳಗೋ ಆಮೇಲೋ ಎಂಬುದು ಪ್ರಶ್ನೆ. ಚುನಾವಣಾಧಿಕಾರಿಯ ಕಚೇರಿಯ ವಿಡಿಯೋ ಇತ್ತು, ಪ್ರಮಾಣಪತ್ರ ಇರಲಿಲ್ಲ. ಕೇಳಿ ಕೇಳಿ ಸುಸ್ತಾದರೂ ಅಧಿಕಾರಿಗಳು ಕೊಟ್ಟಿರಲಿಲ್ಲ. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪ್ರಮಾಣಪತ್ರ ಕಡ್ಡಾಯ ಎಂದು ಹೇಳಿತು. ಮೊಬೈಲಿನಲ್ಲಿ ಪರದೆಯನ್ನು ಶೂಟ್ ಮಾಡಿಕೊಂಡ ನಲವತ್ತು ಸೆಕೆಂಡಿನ ತುಣುಕಿಗೆ ಯಾರು, ಏನೆಂದು ಪ್ರಮಾಣಪತ್ರ ಕೊಡುತ್ತಾರೆ?

ಎರಡನೆಯ ಸಾಮಾನು ಫ್ಯಾರಡೆ ಚೀಲ. ಒಳಗೆ ಲೋಹದ ನೂಲು ನೇಯ್ದ ಚೀಲ. ಫೋನನ್ನು ಇದರಲ್ಲಿ ಹಾಕಿದರೆ ಸಿಗ್ನಲ್ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಕಾಗದದ ಲಕೋಟೆಯಲ್ಲಿರುವ ಫೋನಿಗೆ ಮೆಸೇಜ್ ಬರುತ್ತಲೇ ಇರುತ್ತದೆ. ದೂರದಲ್ಲಿ ಕೂತವರು ಅದರೊಳಗಿನ ಎಲ್ಲವನ್ನೂ ಅಳಿಸಿಯೂ ಹಾಕಬಹುದು. ಚೀಲದೊಳಗೆ ಒಂದು ಪವರ್ ಬ್ಯಾಂಕ್ ಕೂಡ ಇಡಬೇಕು. ಸಿಗ್ನಲ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಈಗಿನ ಫೋನು ಒಮ್ಮೆ ಆಫ್ ಆಗಿ ಆನ್ ಆದರೆ, ಲಾಕ್ ತೆರೆಯುವವರೆಗೆ ಒಳಗಿನ ಮಾಹಿತಿಗೆ ಗಟ್ಟಿ ಬೀಗ. ಆಪಲ್ 2024ರಲ್ಲಿ ತಂದ ಬದಲಾವಣೆಯಿಂದ, ಮೂರು ದಿನ ಲಾಕ್ ತೆರೆಯದ ಐಫೋನ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಅಂದರೆ ಠಾಣೆಯ ಕಪಾಟಿನಲ್ಲಿ ಮೂರು ದಿನ ಇಟ್ಟು ಆಮೇಲೆ ಲ್ಯಾಬಿಗೆ ಕಳಿಸಿದ ಫೋನಿನ ಕೆಲಸ ಅದೇ ದಿನ ಕಳಿಸಿದ್ದಕ್ಕಿಂತ ಎಷ್ಟೋ ಕಷ್ಟ. ಚೀಲ ಇಲ್ಲದೇ ಹೋದರೆ ಏನು ಮಾಡುವುದು ಎಂದು ಆ ಅಧಿಕಾರಿ ಕೇಳಿದ್ದರು. ಏರೋಪ್ಲೇನ್ ಮೋಡ್ ಹಾಕಿ, ಹಾಕಿದ್ದನ್ನು ಪಂಚನಾಮೆಯಲ್ಲಿ ಬರೆಯಿರಿ ಎಂದೆ. ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಎಲ್ಲೂ ಸಂದಿಲ್ಲದ ಹಾಗೆ ಮೂರು ನಾಲ್ಕು ಸುತ್ತು ಸುತ್ತಿದರೂ ಆ ಹೊತ್ತಿಗೆ ಆದೀತು.

ಇದನ್ನೆಲ್ಲ ನಾನೇ ಹೊಸದಾಗಿ ಹೇಳುತ್ತಿಲ್ಲ. ಕರ್ನಾಟಕ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನು, ಕಂಪ್ಯೂಟರು ಜಪ್ತಿ ಮಾಡುವುದು ಹೇಗೆ ಎಂದು ಹಂತಹಂತವಾಗಿ ಬರೆದಿದೆ. ಫ್ಯಾರಡೆ ಚೀಲ, ಬ್ಯಾಟರಿ ಇಳಿಯದಂತೆ ಚಾರ್ಜ್, ಎಲ್ಲ ಅದರಲ್ಲಿದೆ. ಪಕ್ಕದ ರಾಜ್ಯದ್ದು ಎಂದು ಬಿಡಬೇಡಿ. ಮರಾಠಿಗೆ ಹಾಕಿಸಿ, ಒಂದು ಹಾಳೆ ಮಾಡಿ, ಪ್ರತಿ ಠಾಣೆಯ ಗೋಡೆಗೆ ಅಂಟಿಸಿ.

ಆನ್ ಆಗಿರುವ ಲ್ಯಾಪ್‌ಟಾಪ್ ಸಿಕ್ಕರೆ ಅದನ್ನು ತಟ್ಟನೆ ಮುಚ್ಚುವುದೂ ತಪ್ಪು. ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಗುಪ್ತಲಿಪಿಯ ಬೀಗ ಹಾಕಿದ್ದರೆ, ಅದರ ಬೀಗದ ಕೈ ಆಗ ರ್‍ಯಾಮ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಇರುವವರೆಗೆ ಮಾತ್ರ ಉಳಿಯುವ ನೆನಪಿನಲ್ಲಿ ಇರುತ್ತದೆ. ಆಫ್ ಮಾಡಿದರೆ ಹೋಯಿತು. ಇದಕ್ಕೆ ಠಾಣೆಯವರೇ ಏನೂ ಮಾಡಬೇಕಾಗಿಲ್ಲ, ಪರಿಣತರಿಗೆ ಫೋನ್ ಮಾಡಿ ಕಾದರೆ ಸಾಕು.

ಈಗ ಲ್ಯಾಬಿನ ಮಾತಿಗೆ ಬರುತ್ತೇನೆ. ಅಲ್ಲಿಯೂ ನನಗೆ ಒಂದು ಕಳವಳ ಇದೆ.

ಜಪ್ತಿಯಾದ ಡಿಸ್ಕಿನ ಮೇಲೆ ನಾವು ಯಾವತ್ತೂ ನೇರ ಕೆಲಸ ಮಾಡುವುದಿಲ್ಲ. ಮೊದಲು ಅದರ ಪಡಿಯಚ್ಚು ತೆಗೆಯುತ್ತೇವೆ. ಅಳಿಸಿದ ಫೈಲುಗಳು ಬಿದ್ದಿರುವ ಖಾಲಿ ಜಾಗವೂ ಸೇರಿ, ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ. ಒಂದು ಟೆರಾಬೈಟ್ ಡಿಸ್ಕು, ಸೆಕೆಂಡಿಗೆ 100 ಮೆಗಾಬೈಟ್ ವೇಗ ಅಂದರೆ ಹತ್ತಿರಹತ್ತಿರ ಮೂರು ಗಂಟೆ. ಆಮೇಲೆ ಆ ಪಡಿಯಚ್ಚಿನ ಮೇಲೆ ಎನ್‌ಕೇಸ್, ಎಫ್‌ಟಿಕೆ, ಮ್ಯಾಗ್ನೆಟ್ ಆ್ಯಕ್ಸಿಯಮ್ ಇಂಥ ಸಾಫ್ಟ್‌ವೇರ್ ಓಡಿಸುತ್ತೇವೆ. ಫೋನಿಗೆ ಇಸ್ರೇಲಿನ ಸೆಲೆಬ್ರೈಟ್, ಸ್ವೀಡನ್ನಿನ ಎಕ್ಸ್‌ಆರ್‌ವೈ ಜಾಸ್ತಿ ಹೆಸರುವಾಸಿ. ಬಟನ್ ಒತ್ತಿದರೆ ನೂರಾರು ಪುಟದ ವರದಿ ಚೆಂದವಾಗಿ ಬರುತ್ತದೆ. ಕೋರ್ಟಿನಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಎಲ್ಲರೂ ನಂಬುತ್ತಾರೆ. ಅಪಾಯ ಇರುವುದು ಅಲ್ಲೇ. 4:02 ಎಂದು ತೋರಿಸಿದ ಆ ಪರದೆಯನ್ನೂ ಎಲ್ಲರೂ ನಂಬಿದ್ದರು.

ಅಮೆರಿಕದ ಫ್ಲಾರಿಡಾದಲ್ಲಿ 2011ರಲ್ಲಿ ಕೇಸಿ ಆಂಥನಿ ಎಂಬ ತಾಯಿಯ ಮೇಲೆ ಮಗುವಿನ ಕೊಲೆ ಮೊಕದ್ದಮೆ ನಡೆಯಿತು. ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಬಗ್ಗೆ ಒಂದು ಪುಟವನ್ನು 84 ಸಲ ನೋಡಲಾಗಿದೆ ಎಂದು ಒಂದು ಫೊರೆನ್ಸಿಕ್ ಸಾಫ್ಟ್‌ವೇರ್ ತೋರಿಸಿತ್ತು. ಸರ್ಕಾರಿ ವಕೀಲರು ಅದನ್ನು ಕೋರ್ಟಿನಲ್ಲಿ ಹೇಳಿಯೂ ಆಯಿತು. ಬೇರೊಂದು ಸಾಫ್ಟ್‌ವೇರಿನಲ್ಲಿ ನೋಡಿದರೆ ಒಂದೇ ಸಲ. ತಪ್ಪಾಗಿದೆ ಎಂದು ಕೊನೆಗೆ ಹೇಳಿದವರು ಆ ಸಾಫ್ಟ್‌ವೇರ್ ಬರೆದವರೇ. ನನ್ನ ಜೊತೆ ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿ ಹುಡುಗ ಹುಡುಗಿಗೂ ಮೊದಲ ದಿನ ಇದನ್ನು ಹೇಳುತ್ತೇನೆ. ಒಂದು ಸಲಕ್ಕೂ 84 ಸಲಕ್ಕೂ ನಡುವೆ ಒಬ್ಬರ ಜೀವ ಇರುತ್ತದೆ.

2021ರ ಏಪ್ರಿಲ್‌ನಲ್ಲಿ, ಮೆಸೇಜ್ ಕಳಿಸುವ ಸಿಗ್ನಲ್ ಎಂಬ ಆ್ಯಪ್ ಕಟ್ಟಿದ ಮೋಕ್ಸಿ ಮಾರ್ಲಿನ್‌ಸ್ಪೈಕ್ ಸೆಲೆಬ್ರೈಟ್ ಸಾಫ್ಟ್‌ವೇರಿನಲ್ಲಿದ್ದ ದೋಷವನ್ನು ಬಯಲಿಗೆ ಇಟ್ಟರು. ಫೋನಿನಲ್ಲಿ ಬೇಕೆಂದೇ ಒಂದು ಬಗೆಯ ಫೈಲ್ ಇಟ್ಟಿದ್ದರೆ, ಅದನ್ನು ಓದಲು ಹೋದ ಸಾಫ್ಟ್‌ವೇರಿನ ವರದಿಯನ್ನೇ ಬದಲಿಸಬಹುದು ಎಂದರು. ದೋಷ ಇಲ್ಲದ ಸಾಫ್ಟ್‌ವೇರ್ ಇಲ್ಲ. ಹಾಗಾಗಿ ವರದಿಯಲ್ಲಿ ಯಾವ ಸಾಫ್ಟ್‌ವೇರ್, ಯಾವ ವರ್ಷನ್ ಎಂದು ಬರೆಯಲೇಬೇಕು. ಯಾರನ್ನಾದರೂ ಜೈಲಿಗೆ ಕಳಿಸುವಷ್ಟು ಮುಖ್ಯವಾದ ಅಂಶವನ್ನು ಇನ್ನೊಂದು ಸಾಫ್ಟ್‌ವೇರಿನಲ್ಲೂ ನೋಡಿ, ಎರಡೂ ಒಪ್ಪುತ್ತವೆಯೇ ಎಂದು ಬರೆಯಬೇಕು.

ಇದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳಬಹುದು. ಹೀಗೆ ಹೋಲಿಸಿ ನೋಡುವ ಎರಡನೆಯ ಸಾಫ್ಟ್‌ವೇರ್ ದುಬಾರಿ ಆಗಬೇಕಾಗಿಲ್ಲ. ಆಟಾಪ್ಸಿ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು. ರ್‍ಯಾಮ್ ಓದಲು ವೊಲಟಿಲಿಟಿ ಇದೆ, ಪಡಿಯಚ್ಚು ತೆಗೆಯಲು ಗೈಮೇಜರ್ ಇದೆ, ಅವೂ ಉಚಿತ. ಕೇಂದ್ರ ಕಚೇರಿ ಪುಣೆಯಲ್ಲೇ ಇರುವ, ಭಾರತ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ತಿರುವನಂತಪುರ ಕೇಂದ್ರ ಸೈಬರ್‌ಚೆಕ್ ಎಂಬ ನಮ್ಮದೇ ದೇಶದ ಸಾಫ್ಟ್‌ವೇರ್ ಮಾಡಿದೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಇಂಥ ಉಪಕರಣಗಳನ್ನು ಪರೀಕ್ಷಿಸಿ, ಯಾವುದು ಎಲ್ಲಿ ತಪ್ಪುತ್ತದೆ ಎಂದು ವರದಿಗಳನ್ನು ಪ್ರಕಟಿಸುತ್ತದೆ. ಕೊಳ್ಳುವ ಮುಂಚೆ ಓದಲು ದುಡ್ಡು ಬೇಡ.

ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದ ವಿದ್ಯಾನಗರಿಯಲ್ಲಿದೆ. ಅಲ್ಲಿ ಕಾರ್ಯಕ್ರಮ ಇದ್ದರೆ ನಾನು ತಪ್ಪದೆ ಹೋಗುತ್ತೇನೆ. ರಾಜ್ಯದ ನ್ಯಾಯವಿಜ್ಞಾನ ಪ್ರಯೋಗಾಲಯಗಳ ನಿರ್ದೇಶನಾಲಯವೂ ಅದೇ ಕಲೀನಾದಲ್ಲಿದೆ. ಆ ರಸ್ತೆಯಲ್ಲಿ ಹೋಗುವಾಗ ಪ್ರತಿ ಸಲ ನನಗೆ ಒಳಗೆ ಕೂತು ಕೆಲಸ ಮಾಡುವವರ ನೆನಪಾಗುತ್ತದೆ. ನನ್ನದೇ ಕಸುಬಿನವರು. ಗಂಟೆ ಬರೆಯದ ಡಿವಿಆರ್, ಬ್ಯಾಟರಿ ಸತ್ತ ಫೋನು, ಯಾರೋ ತೆರೆದು ನೋಡಿದ ಲ್ಯಾಪ್‌ಟಾಪ್ ಕೈಗೆ ಕೊಟ್ಟು 'ಸತ್ಯ ಹುಡುಕಿ' ಎಂದರೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಠಾಣೆಗೆ ಒಂದು ರೈಟ್ ಬ್ಲಾಕರ್, ಹತ್ತು ಫ್ಯಾರಡೆ ಚೀಲ, ಎರಡು ಹೊಸ ಡಿಸ್ಕು, ಒಂದು ಪವರ್ ಬ್ಯಾಂಕ್ ಕೊಟ್ಟರೆ ಅವರ ಅರ್ಧ ಭಾರ ಇಳಿಯುತ್ತದೆ. ಸ್ಥಳದಲ್ಲೇ ಪಡಿಯಚ್ಚು ತೆಗೆಯಲು ಬಂದರೆ ಬಹಳ ಕಡೆ ವ್ಯಾಪಾರದ ಕಂಪ್ಯೂಟರನ್ನು ತಿಂಗಳುಗಟ್ಟಲೆ ಒಯ್ದು ಇಟ್ಟುಕೊಳ್ಳುವ ಅಗತ್ಯವೂ ಬೀಳುವುದಿಲ್ಲ.

ಕಲಿಸುವವರು ಇಲ್ಲ ಎಂದು ಇದು ನಿಲ್ಲುವುದು ಬೇಡ. ನಾನು ಮತ್ತು ನನ್ನ ಜೊತೆಯ ಮೂವರು ಪ್ರತಿ ಭಾನುವಾರ ಒಂದು ಠಾಣೆಗೆ ಬಂದು ಮರಾಠಿಯಲ್ಲಿ ಕಲಿಸಲು ತಯಾರಿದ್ದೇವೆ. ದುಡ್ಡು ಬೇಡ. ಮೂರು ಗಂಟೆ ಹೊತ್ತು, ಒಂದು ಮೇಜು, ಒಂದು ಹಳೆಯ ಡಿವಿಆರ್ ಸಾಕು.

ಹೋಟೆಲಿನ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಇದನ್ನು ಓದಿದ ಕೂಡಲೇ ಎದ್ದು ನಿಮ್ಮ ಡಿವಿಆರ್‌ನ ಗಂಟೆ ನೋಡಿ. ತಪ್ಪಿದ್ದರೆ ಎಷ್ಟು ತಪ್ಪಿದೆ ಎಂದು ಡೈರಿಯಲ್ಲಿ ಬರೆದು, ಫೋಟೋ ತೆಗೆದಿಟ್ಟು, ಆಮೇಲೆ ಸರಿಮಾಡಿ. ಇಂಟರ್‌ನೆಟ್ ಇದ್ದರೆ ಗಂಟೆ ತಾನಾಗಿ ಸರಿಯಾಗುವ ಹಾಗೆ ಇಟ್ಟುಕೊಡಲು ಕ್ಯಾಮೆರಾ ಹಾಕಿದವರಿಗೆ ಹೇಳಿ. ಎಷ್ಟು ದಿನದ ಚಿತ್ರ ಉಳಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಏನಾದರೂ ನಡೆದರೆ ಅದೇ ದಿನ ಆ ಹೊತ್ತಿನ ಚಿತ್ರವನ್ನು ಡಿವಿಆರ್‌ನಿಂದಲೇ ಪೆನ್‌ಡ್ರೈವಿಗೆ ಇಳಿಸಿ, ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದರೆ ಸಾಲದು. ಪೊಲೀಸರು ತೆಗೆದುಕೊಂಡು ಹೋಗುವಾಗ ಪಂಚನಾಮೆಯ ಪ್ರತಿ ಕೇಳಿ. ಅದರಲ್ಲಿ ಗಂಟೆಯ ವ್ಯತ್ಯಾಸ, ಸೀರಿಯಲ್ ನಂಬರ್, ಹ್ಯಾಷ್ ಇದೆಯೇ ನೋಡಿ. ಕೇಳಿದರೆ ಬೈಯುತ್ತಾರೆ ಎಂದು ಹೆದರಬೇಡಿ. ನಿಮ್ಮ ಹತ್ತಿರ ದುಡಿಯುವ ಹುಡುಗನ ಪರವಾಗಿ ಆ ಹೊತ್ತಿನಲ್ಲಿ ಕೇಳುವವರು ನೀವೊಬ್ಬರೇ. ನನ್ನ ಮಾವ ಕೇಳಲಿಲ್ಲ, ಅದರ ನೋವು ಅವರಿಗೆ ಇವತ್ತಿಗೂ ಇದೆ.

ಮಾನ್ಯರೇ, ಕೊನೆಗೆ ಒಂದು ಸಣ್ಣ ಕೆಲಸ ಆಗಬೇಕು. ಮಾವ ಬೈಂದೂರಿಗೆ ಹೋಗಿ ಆ ಹುಡುಗನ ಕೈ ಹಿಡಿದು ತಪ್ಪಾಯಿತು ಎಂದು ಹೇಳಿ ಬಂದರು. ಆದರೆ ಅವನ ಅಮ್ಮ ಕೇಳುವುದು ಬೇರೆ. ಮಗನ ಮೇಲೆ ಈಗ ಯಾವ ಆರೋಪವೂ ಇಲ್ಲ ಎಂದು ಒಂದು ಕಾಗದ, ಠಾಣೆಯ ಸಿಕ್ಕಾ ಹಾಕಿದ್ದು. ಊರಿನಲ್ಲಿ ತೋರಿಸಲು ಬೇಕು ಎನ್ನುತ್ತಾರೆ. ಎರಡು ಸಲ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಅರ್ಜಿಗಳ ಪ್ರತಿಯನ್ನು ಮರಾಠಿ ಪತ್ರದ ಜೊತೆ ಇಟ್ಟಿದ್ದೇನೆ. ದಯವಿಟ್ಟು ಅದನ್ನು ಕೊಡಿಸಿ.

ಇಂತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಡಿಜಿಟಲ್ ಫೊರೆನ್ಸಿಕ್ ಕೆಲಸಗಾರ್ತಿ